ಕೈಗಡ ಕೊಡೋಕೆ ಒಂದು ಡೆಕ್: ಅಗ್ಗವಾಗಿ, ಹೊಸಬರ ಕೈಗೆ ಒಗ್ಗುವ ಹಾಗೆ

#1 ಹಾಳೆಹುಳು

ಎಲ್ಲರಿಗೂ ನಮಸ್ಕಾರ. ಮ್ಯಾಜಿಕ್: ದ ಗ್ಯಾದರಿಂಗ್ ಅನ್ನೋ ಕಾರ್ಡ್ ಆಟ ಆಡೋಕೆ ಶುರು ಮಾಡಿ ಬಹಳ ವರ್ಷ ಆಯ್ತು. ಇಷ್ಟು ದಿನ ಕಾರ್ಡ್ ಆರಿಸಿ ಕಟ್ಟಿದ ಡೆಕ್‌ಗಳೆಲ್ಲ ನನಗಾಗಿ. ಈಗ ಕಟ್ಟಬೇಕಿರೋದು ಆಟವೇ ಗೊತ್ತಿಲ್ಲದವರ ಕೈಗಿಟ್ಟು "ಮನೆಗೆ ತಗೊಂಡು ಹೋಗಿ, ಎರಡು ವಾರ ಇಟ್ಕೊಂಡು ಆಡಿ" ಅನ್ನಬಹುದಾದ ಡೆಕ್.

ಇದರ ಹಿಂದೆ ಒಂದು ಕಥೆ ಇದೆ, ಹೇಳಿಬಿಡ್ತೀನಿ. ಹಿಂದೊಮ್ಮೆ ತಂಗಿಯ ಗೆಳತಿಗೆ ಆಟ ಕಲಿಸೋ ಉತ್ಸಾಹದಲ್ಲಿ ನನ್ನ ಅತ್ಯುತ್ತಮ ಡೆಕ್ ಕೊಟ್ಟೆ. ಅದರಲ್ಲಿ ಭಾರಿ ಬೆಲೆಯ ನಾಲ್ಕು ಲ್ಯಾಂಡ್ (ಬೇರೆ ಕಾರ್ಡ್ ಆಡೋಕೆ ಬೇಕಾದ ಮಾನಾ, ಅಂದರೆ ಶಕ್ತಿ, ಕೊಡೋ ಕಾರ್ಡ್) ಇದ್ವು. ಶಫಲ್ ಮಾಡುವಾಗ ಅದರಲ್ಲೊಂದು ಪ್ಲಾಸ್ಟಿಕ್ ಸ್ಲೀವ್‌ನಿಂದ ಜಾರಿ ಮೂಲೆ ಮಡಚಿತು. "ಪರವಾಗಿಲ್ಲ" ಅಂದೆ, ಮನಸ್ಸಿನಿಂದಲೇ ಅಂದೆ. ಅವಳು ರಾತ್ರಿ ಮನೆಗೆ ಹೋಗಿ ಆ ಕಾರ್ಡಿನ ಬೆಲೆ ಹುಡುಕಿ ನೋಡಿದ್ದಾಳೆ. ಮರುದಿನ ಡೆಕ್ ತಂದು ನನ್ನ ಎದುರಲ್ಲೇ ಒಂದೊಂದಾಗಿ 60 ಕಾರ್ಡ್ ಎಣಿಸಿ ಕೊಟ್ಟಳು. ಮೂರು ಸಲ ಕ್ಷಮೆ ಕೇಳಿದಳು. ಆಮೇಲೆ ಮೇಜಿಗೆ ಬರಲೇ ಇಲ್ಲ. ಮೂಲೆ ಮಡಚಿದ ಕಾರ್ಡನ್ನು ಯಾವತ್ತೋ ಮರೆತೆ. ಅವಳು ಎಣಿಸುತ್ತಿದ್ದ ಬೆರಳುಗಳನ್ನ ಮರೆಯೋಕಾಗಿಲ್ಲ.

ಅದಕ್ಕೇ ಈ ಸಲ "ಅಗ್ಗ" ಅನ್ನೋದು ನನ್ನ ಜೇಬಿಗಾಗಿ ಅಲ್ಲ. ತಗೊಂಡವರು ಒಂದು ಕಾರ್ಡ್ ಕಳೆದರೆ "ಅಯ್ಯೋ, ಒಂದು ಹೋಯ್ತು" ಅಂತ ಸಲೀಸಾಗಿ ಹೇಳುವ ಹಾಗಿರಬೇಕು. ನಾನು ಅದೇ ದಿನ ಅದರ ಜಾಗಕ್ಕೆ ಇನ್ನೊಂದು ಇಡುವ ಹಾಗಿರಬೇಕು.

ಮೊದಲ ಪ್ರಯತ್ನವಾಗಿ ಕೆಂಪು ಬಣ್ಣದ ಕಾರ್ಡ್‌ಗಳ ಡೆಕ್ ಒಂದು ಕಟ್ಟಿದೆ: ರೇಜಿಂಗ್ ಗಾಬ್ಲಿನ್, ಶಾಕ್, ಲೈಟ್ನಿಂಗ್ ಬೋಲ್ಟ್, ಲಾವಾ ಆಕ್ಸ್ ಈ ಥರ. ಎಲ್ಲ ಸರಳ. ಆದರೂ ಏನೋ ಸರಿಯಿಲ್ಲ ಅನ್ನಿಸ್ತಿದೆ. ಸಲಹೆ ಕೊಡಿ.

#2 ಐದುಬಣ್ಣ

ಒಳ್ಳೆ ವಿಷಯ ಎತ್ತಿದ್ದೀರಿ. ಕೆಂಪು ಡೆಕ್ ಯಾಕೆ ಸರಿ ಹೋಗ್ತಿಲ್ಲ ಅಂತ ನನ್ನ ಅನುಭವದಿಂದ ಹೇಳ್ತೀನಿ. ಹೊಸಬರ ಕೈಲಿ 3 ಪೆಟ್ಟು ಕೊಡೋ ಲೈಟ್ನಿಂಗ್ ಬೋಲ್ಟ್ ಇದ್ದರೆ ಅದು ಪ್ರತಿ ಸಲ ಎದುರಾಳಿಯ ಮುಖಕ್ಕೇ, ಅಂದರೆ ನೇರ ಆಟಗಾರರಿಗೇ ಹೋಗುತ್ತೆ. 20 ಲೈಫ್‌ನಲ್ಲಿ 3 ಇಳೀತು, ಖುಷಿ. ಎದುರಿನವರ ಪರ ಕಾದಾಡೋ ಕ್ರೀಚರ್‌ಗೆ ಹೊಡೆಯೋದು ಯಾವಾಗ, ಮುಖಕ್ಕೆ ಹೊಡೆಯೋದು ಯಾವಾಗ ಅನ್ನೋದು ನಿಜಕ್ಕೂ ಕಷ್ಟದ ಲೆಕ್ಕ. ವರ್ಷಗಟ್ಟಲೆ ಆಡಿದವರೂ ಅಲ್ಲಿ ಎಡವುತ್ತಾರೆ. ಕಾರ್ಡಿನ ಮೇಲಿನ ಮಾತು ಸರಳ ಇದ್ದ ಮಾತ್ರಕ್ಕೆ ಅದನ್ನ ಆಡೋದು ಸರಳ ಆಗಲ್ಲ.

ಅದಕ್ಕಿಂತ ದೊಡ್ಡದು ಎದುರು ಕೂತವರ ಪಾಡು. ಮೊದಲ ಸರದಿಯಲ್ಲಿ ಲಾನೋವರ್ ಎಲ್ವ್ಸ್ ಅನ್ನೋ ಸಣ್ಣ ಕ್ರೀಚರ್ ಇಡ್ತಾರೆ, ನೀವು ಶಾಕ್ ಹಾಕಿ ಕೊಲ್ತೀರಿ. ಎರಡನೇದನ್ನೂ ಹಾಗೇ. ಅವರೂ ಹೊಸಬರಾಗಿದ್ದರೆ ಅವರ ಪಾಲಿಗೆ ಆಟ ಅಲ್ಲಿಗೇ ಮುಗೀತು. ಇಟ್ಟದ್ದೆಲ್ಲ ಸಾಯುತ್ತೆ ಅನ್ನೋದು ಮೊದಲ ದಿನ ಕಲಿಯೋ ಪಾಠ ಅಲ್ಲ.

ನನ್ನ ಸಲಹೆ ಒಂದೇ: ಒಂದು ಡೆಕ್ ಕಟ್ಟಬೇಡಿ, ಎರಡು ಕಟ್ಟಿ. ಮನೆಗೆ ಒಯ್ದವರು ಆಡೋದು ಯಾರ ಜೊತೆ? ಅಕ್ಕನೋ, ತಮ್ಮನೋ, ಪಕ್ಕದ ಮನೆಯವರೋ ಇರ್ತಾರೆ, ಅವರ ಹತ್ತಿರವೂ ಡೆಕ್ ಇರಲ್ಲ. ಒಂದೇ ಡೆಕ್ ಕೊಟ್ಟರೆ ಅದು ಕಪಾಟಿನಲ್ಲೇ ಕೂತು ಎರಡು ವಾರಕ್ಕೆ ವಾಪಸ್ ಬರುತ್ತೆ.

#3 ಹಾಳೆಹುಳು

ಎರಡು ಕಟ್ಟಬೇಕು ಅನ್ನೋದು ಎಷ್ಟು ಸಹಜವಾದ ಮಾತು, ನನಗೆ ಹೊಳೆದೇ ಇರಲಿಲ್ಲ! ನಾನು ಯಾವಾಗಲೂ ಎದುರಿಗೆ ನಾನೇ ಕೂತಿರ್ತೀನಿ ಅಂದುಕೊಂಡೇ ಯೋಚಿಸ್ತಿದ್ದೆ.

#4 ಮೂರನೇಸರದಿ

ಲ್ಯಾಂಡ್ ಎಷ್ಟು ಹಾಕ್ತೀರಿ ಅಂತ ಮೊದಲು ಹೇಳಿ. ಎರವಲು ಡೆಕ್‌ಗಳು ಕೆಡೋದೇ ಇಲ್ಲಿ. "ಸಣ್ಣ ಸಣ್ಣ ಕಾರ್ಡ್‌ಗಳ ಡೆಕ್ ತಾನೆ, 20 ಸಾಕು" ಅಂತ ಹಾಕಿಬಿಡ್ತಾರೆ. ಲೆಕ್ಕ ನೋಡಿ.

60ರಲ್ಲಿ 20 ಲ್ಯಾಂಡ್ ಇದ್ದರೆ, ಶುರುವಿನ 7 ಕಾರ್ಡಿನಲ್ಲಿ ಲ್ಯಾಂಡೇ ಇಲ್ಲದಿರುವ ಅಥವಾ ಒಂದೇ ಒಂದು ಇರುವ ಸಾಧ್ಯತೆ 100ಕ್ಕೆ ಸುಮಾರು 25. ಅಂದರೆ ನಾಲ್ಕು ಕೈಯಲ್ಲಿ ಒಂದು ಕೈ. 24 ಲ್ಯಾಂಡ್ ಇದ್ದರೆ ಅದು 100ಕ್ಕೆ ಸುಮಾರು 14ಕ್ಕೆ ಇಳಿಯುತ್ತೆ, ಏಳರಲ್ಲಿ ಒಂದು. ಅದೇ 24ರಲ್ಲಿ 2, 3 ಅಥವಾ 4 ಲ್ಯಾಂಡ್ ಇರುವ ಆಡಬಹುದಾದ ಕೈ ಸಿಗೋದು 100ಕ್ಕೆ 77 ಸಲ.

ಪಳಗಿದವರು ಎರಡು ಲ್ಯಾಂಡಿನಲ್ಲಿ ಹೇಗೋ ದಾರಿ ಮಾಡ್ಕೋತಾರೆ. ಹೊಸಬರಿಗೆ ಲ್ಯಾಂಡ್ ಸಿಗದೆ ಕೈಕಟ್ಟಿ ಕೂರೋದು ಅಂದರೆ "ನನಗೆ ಇದು ಬರಲ್ಲ" ಅಂತ ಅರ್ಥ. ಅದೃಷ್ಟ ಕೈ ಕೊಟ್ಟಿದ್ದನ್ನ ತಮ್ಮ ತಪ್ಪು ಅಂದುಕೊಳ್ತಾರೆ. ಹಾಗಾಗಿ 24ಕ್ಕಿಂತ ಇಳಿಸಬೇಡಿ. ಕೊನೆಕೊನೆಗೆ ಲ್ಯಾಂಡ್ ಜಾಸ್ತಿಯಾಯ್ತು ಅಂದರೂ ಅಷ್ಟು ಹೊತ್ತಿಗೆ ನಾಲ್ಕಾರು ಕಾರ್ಡ್ ಇಟ್ಟು ಆಡಿರ್ತಾರೆ.

ಮಲಿಗನ್ ಕೂಡ ಮೊದಲೇ ಹೇಳಿಕೊಡಿ. 2019ರಿಂದ ಇರೋ ನಿಯಮ ಹೊಸಬರಿಗೆ ದಯೆ ತೋರಿಸುವಂಥದ್ದು. ಕೈ ಚೆನ್ನಾಗಿಲ್ಲ ಅಂದರೆ ಮತ್ತೆ 7 ತೆಗೆದು, ಅದರಲ್ಲಿ ಬೇಡದ ಒಂದನ್ನ ಡೆಕ್‌ನ ಕೆಳಗೆ ಇಡೋದು. ಎರಡನೇ ಸಲವಾದರೆ ಎರಡು.

#5 ಪೆಟ್ಟಿಗೆತುಂಬ

ನಾನು ಬೇರೆ ದಾರಿ ಹೇಳ್ತೀನಿ. ಕಮಾಂಡರ್ (ಇದೇ ಆಟವನ್ನ ಸಾಮಾನ್ಯವಾಗಿ ನಾಲ್ಕು ಜನ ಕೂತು ಆಡೋ ಬಗೆ) ಡೆಕ್ ಕೊಡಿ. ಈಗ ಎಲ್ಲರೂ ಆಡ್ತಿರೋದೇ ಅದು. ಅಂಗಡಿಯಲ್ಲಿ 100 ಕಾರ್ಡಿನ ರೆಡಿಮೇಡ್ ಡೆಕ್ ಸಿಗುತ್ತೆ, ಕಟ್ಟೋ ತಲೆನೋವೇ ಇಲ್ಲ. 60 ಕಾರ್ಡಿನ ಡೆಕ್ ಕಲಿತು ಬಂದವರು ನಮ್ಮ ಮೇಜಿಗೆ ಕೂತಾಗ ಮತ್ತೆ ಮೊದಲಿಂದ ಕಲೀಬೇಕು. ನಾಲ್ಕು ಜನ ಆಡುವಾಗ ಹೊಸಬರ ಮೇಲೆ ಯಾರೂ ಮುಗಿಬೀಳಲ್ಲ, 40 ಲೈಫ್ ಇರುತ್ತೆ, ತಪ್ಪು ಮಾಡೋಕೆ ಜಾಗ ಇರುತ್ತೆ. ಪಕ್ಕದಲ್ಲಿ ಕೂತವರು ಹೇಳಿಕೊಡಬಹುದು. ಒಬ್ಬರ ಎದುರು ಒಬ್ಬರು ಕೂತಾಗ ಈ ಅನುಕೂಲ ಎಲ್ಲಿದೆ?

#6 ಐದುಬಣ್ಣ

ಪೆಟ್ಟಿಗೆತುಂಬ ಅವರೇ, ಮೇಜಿನ ಸ್ನೇಹದ ಬಗ್ಗೆ ನೀವು ಹೇಳಿದ್ದು ಪೂರ್ತಿ ಒಪ್ಪುತ್ತೀನಿ. ಆದರೆ ಓದೋ ಹೊರೆ ಲೆಕ್ಕ ಹಾಕಿ. ಕಮಾಂಡರ್‌ನಲ್ಲಿ ಬೇಸಿಕ್ ಲ್ಯಾಂಡ್ (ಸಾದಾ ಲ್ಯಾಂಡ್) ಬಿಟ್ಟು ಪ್ರತಿಯೊಂದು ಕಾರ್ಡೂ ಒಂದೊಂದೇ. ಕೈಗೆ ಬಂದ ಪ್ರತಿ ಕಾರ್ಡೂ ಹೊಸದು. ಎದುರಿಗೆ ಇನ್ನೂ ಮೂರು ಜನ, ಅವರ ಮುಂದಿರುವುದೂ ಹೊಸದು. ನನ್ನ ಅಣ್ಣನ ಮಗನನ್ನ ಹಾಗೆ ಕೂರಿಸಿದ್ದೆ. ಅವನು ಎರಡು ಗಂಟೆ ಸುಮ್ಮನೆ ಓದಿದ, ಆಡಲಿಲ್ಲ. ಎದ್ದಾಗ "ಚೆನ್ನಾಗಿತ್ತು ಚಿಕ್ಕಪ್ಪ" ಅಂದ. ನನಗೆ ನೋವಾಗಬಾರದು ಅಂತ ಹಾಗಂದ.

60 ಕಾರ್ಡಿನ ಡೆಕ್‌ನಲ್ಲಿ ಬೇಸಿಕ್ ಲ್ಯಾಂಡ್ ಬಿಟ್ಟು ಒಂದೇ ಕಾರ್ಡ್ ನಾಲ್ಕರವರೆಗೆ ಹಾಕಬಹುದು. ಒಂಬತ್ತು ಥರದ ಕಾರ್ಡ್ ನಾಲ್ಕು ನಾಲ್ಕು ಹಾಕಿದರೆ 36, ಜೊತೆಗೆ 24 ಲ್ಯಾಂಡ್, ಅಲ್ಲಿಗೆ 60. ಓದಬೇಕಾದದ್ದು ಒಂಬತ್ತೇ ಕಾರ್ಡ್! ಎರಡನೇ ಆಟದ ಹೊತ್ತಿಗೆ ಚಿತ್ರ ನೋಡಿಯೇ ಗುರುತು ಹಿಡೀತಾರೆ. ನಾಲ್ಕು ಪ್ರತಿ ಇರುವ ಕಾರ್ಡ್ ಶುರುವಿನ ಕೈಯಲ್ಲಿ ಒಂದಾದರೂ ಇರೋ ಸಾಧ್ಯತೆ 100ಕ್ಕೆ 40. ಹೀಗೆ ಅದೇ ಕಾರ್ಡ್ ಮತ್ತೆ ಮತ್ತೆ ಕೈಗೆ ಬಂದು, "ಹೋದ ಸಲ ಇದನ್ನ ಅವಸರಪಟ್ಟು ಇಟ್ಟೆ, ಈ ಸಲ ಕಾಯ್ತೀನಿ" ಅನ್ನೋ ಯೋಚನೆ ಹುಟ್ಟುತ್ತೆ. ಕಲಿಕೆ ಆಗೋದೇ ಅಲ್ಲಿ.

#7 ಪೆಟ್ಟಿಗೆತುಂಬ

ಓದೋ ಹೊರೆಯ ಮಾತು ಒಪ್ಪಿದೆ. ಆದರೂ ಒಂದು ಮಾತು: ಜೋಡಿ ಡೆಕ್ ಕಲಿತ ಮೇಲೆ ಅವರನ್ನ ಅಲ್ಲೇ ಬಿಡಬೇಡಿ. ನಮ್ಮ ಮೇಜಿಗೆ ಕರೆತನ್ನಿ, ಆಗ ರೆಡಿಮೇಡ್ ಕಮಾಂಡರ್ ಡೆಕ್ ನಾನು ಕೊಡ್ತೀನಿ.

#8 ಹಾಳೆಹುಳು

ನಾಲ್ಕು ದಿನ ಕೂತು ಜೋಡಿ ಕಟ್ಟಿದೆ. ಒಂದು ಹಸಿರು, ಒಂದು ಬಿಳಿ. ದೊಡ್ಡ ಮೈಯವರು ನೆಲದ ಮೇಲೆ, ಸಣ್ಣವರು ಆಕಾಶದಲ್ಲಿ.

ಹಸಿರಿನಲ್ಲಿ ಒಂಬತ್ತೂ ನಾಲ್ಕು ನಾಲ್ಕು: ಲಾನೋವರ್ ಎಲ್ವ್ಸ್, ಗ್ರಿಜ್ಲಿ ಬೇರ್ಸ್, ಎಲ್ವಿಶ್ ವಿಷನರಿ, ಸೆಂಟಾರ್ ಕೋರ್ಸರ್, ಜೈಂಟ್ ಸ್ಪೈಡರ್, ರಂಬ್ಲಿಂಗ್ ಬೇಲೋತ್, ಕೊಲೊಸಲ್ ಡ್ರೆಡ್‌ಮಾ, ಜೈಂಟ್ ಗ್ರೋತ್, ಪ್ರೇ ಅಪಾನ್. ಉಳಿದ 24 ಫಾರೆಸ್ಟ್, ಅಂದರೆ ಹಸಿರಿನ ಲ್ಯಾಂಡ್.

ಬಿಳಿಯಲ್ಲಿ ಹೀಲರ್ಸ್ ಹಾಕ್, ಸನ್‌ಟೇಲ್ ಹಾಕ್, ಗ್ಲೋರಿ ಸೀಕರ್, ಅಟೆಂಡೆಡ್ ನೈಟ್, ಗ್ರಿಫಿನ್ ಸೆಂಟಿನಲ್, ಅಸಾಲ್ಟ್ ಗ್ರಿಫಿನ್, ಪ್ಯಾಸಿಫಿಸಮ್ ನಾಲ್ಕು ನಾಲ್ಕು. ಸೆರಾ ಏಂಜೆಲ್ ಮೂರು, ರೇಜ್ ದ ಅಲಾರ್ಮ್ ಮೂರು, ಇನ್‌ಸ್ಪೈರ್ಡ್ ಚಾರ್ಜ್ ಎರಡು. 24 ಪ್ಲೇನ್ಸ್, ಅಂದರೆ ಬಿಳಿಯ ಲ್ಯಾಂಡ್.

ಬಹುತೇಕ ಎಲ್ಲ ಕಾಮನ್, ಅಂದರೆ ಸುಲಭವಾಗಿ ಸಿಗೋ ದರ್ಜೆಯವು. ಲಾನೋವರ್ ಎಲ್ವ್ಸ್, ಗ್ರಿಜ್ಲಿ ಬೇರ್ಸ್, ಜೈಂಟ್ ಸ್ಪೈಡರ್, ಜೈಂಟ್ ಗ್ರೋತ್, ಸೆರಾ ಏಂಜೆಲ್ ಇವೆಲ್ಲ 1993ರಲ್ಲಿ ಆಟ ಹುಟ್ಟಿದಾಗಲೇ ಇದ್ದ ಕಾರ್ಡ್‌ಗಳು. ಅಲ್ಲಿಂದ ಇಲ್ಲಿವರೆಗೆ ಎಷ್ಟೋ ಸಲ ಮರುಮುದ್ರಣ ಆಗಿವೆ. ಅಗ್ಗವಾಗಿ ಸಿಗೋದು ಅದಕ್ಕೇ. ಮೂವತ್ತು ವರ್ಷದಿಂದ ಜನ ಆಡಿಕೊಂಡು ಬಂದ ಕಾರ್ಡನ್ನೇ ಹೊಸಬರ ಕೈಗೆ ಕೊಡ್ತಿದ್ದೀನಿ ಅನ್ನೋದು ನನಗೆ ತುಂಬ ಇಷ್ಟವಾಯ್ತು.

ತಂಗಿ ಜೊತೆ ಕೂತು ಹತ್ತು ಆಟ ಆಡಿ ನೋಡಿದೆ. ಐದು ಆದ ಮೇಲೆ ಡೆಕ್ ಅದಲುಬದಲು ಮಾಡಿಕೊಂಡ್ವಿ. ಒಂದು ಆಟ ಮಾತ್ರ ಬರೀಲೇಬೇಕು. ಅವಳ ಕಡೆ ಸೆರಾ ಏಂಜೆಲ್, 4/4 (4 ಪೆಟ್ಟು ಕೊಡುತ್ತೆ, 4 ಪೆಟ್ಟು ಬಿದ್ದರೆ ಸಾಯುತ್ತೆ), ಹಾರುತ್ತೆ, ದಾಳಿ ಮಾಡಿದರೂ ಟ್ಯಾಪ್ ಆಗಲ್ಲ (ಬಳಸಿದ ಕಾರ್ಡನ್ನ ಅಡ್ಡ ತಿರುಗಿಸೋದೇ ಟ್ಯಾಪ್). ನನ್ನ ಕಡೆ ಜೈಂಟ್ ಸ್ಪೈಡರ್, 2/4, ರೀಚ್ ಇರೋದರಿಂದ ಹಾರುವವರನ್ನ ತಡೆಯಬಹುದು. ಅವಳು ನನ್ನ ಕೈಲಿದ್ದ ಎರಡು ಕಾರ್ಡ್, ಟ್ಯಾಪ್ ಮಾಡದೆ ಬಿಟ್ಟಿದ್ದ ಒಂದು ಫಾರೆಸ್ಟ್ ನೋಡಿದಳು. ತುಂಬ ಹೊತ್ತು ನೋಡಿದಳು. "ಜೈಂಟ್ ಗ್ರೋತ್ ಇದೆಯಾ ಅಕ್ಕಾ ನಿನ್ನ ಹತ್ರ?" ಅಂದಳು. ಒಂದೇ ಮಾನಾಕ್ಕೆ ಕ್ರೀಚರನ್ನ ಆ ಸರದಿಗೆ ದೊಡ್ಡದು ಮಾಡೋ ಕಾರ್ಡ್ ಅದು. ನಾನು ಸುಮ್ಮನಿದ್ದೆ. ಅವಳು ಏಂಜೆಲನ್ನ ಕಳಿಸಲಿಲ್ಲ. ನನ್ನ ಕೈಲಿ ಇದ್ದದ್ದು ಎರಡೂ ಫಾರೆಸ್ಟೇ!

ಎದುರಾಳಿಯ ಕೈಲಿ ಏನಿರಬಹುದು ಅಂತ ಊಹಿಸೋದು ಈ ಆಟದ ಜೀವಾಳ. ಒಂಬತ್ತು ಕಾರ್ಡಿನ ಡೆಕ್‌ನಲ್ಲಿ ಆರನೇ ಆಟಕ್ಕೇ ಅದು ಬಂತು. ಕಮಾಂಡರ್‌ನಲ್ಲಿ ಅಲ್ಲಿಗೆ ಬರೋಕೆ ನನಗೆ ತಿಂಗಳುಗಟ್ಟಲೆ ಬೇಕಾಗಿತ್ತು.

#9 ಮೂರನೇಸರದಿ

ಚೆನ್ನಾಗಿ ಕಟ್ಟಿದ್ದೀರಿ. ಒಂದು ಅನುಮಾನ. ಹಸಿರಿಗೆ ಪ್ಲಮ್ಮೆಟ್ ನಾಲ್ಕು ಹಾಕಿದರೆ ಹೇಗೆ? ಹಾರುವ ಕ್ರೀಚರನ್ನ ನೇರ ಕೊಲ್ಲುತ್ತೆ, ಎರಡೇ ಮಾನಾ.

#10 ಹಾಳೆಹುಳು

ಹಾಕಿ ನೋಡಿ ತೆಗೆದೆ. ಈ ಜೋಡಿಯಲ್ಲಿ ಅದು ವಿಪರೀತ ಬಲ, ಜೋಡಿಯಿಂದ ಹೊರಗೆ ಹಾರುವವರೇ ಇಲ್ಲದ ಡೆಕ್ ಸಿಕ್ಕರೆ ಬರೀ ಕಾಗದ. ಸ್ಪೈಡರ್ ಹಾಗಲ್ಲ. ಹಾರುವವರು ಇಲ್ಲದಿದ್ದರೂ ನೆಲದ ಮೇಲೆ ತಡೆಯೋಕೆ ಬರುತ್ತೆ. ಯಾವ ಕಾರ್ಡ್ ಕೈಗೆ ಬಂದರೂ ಏನಾದರೂ ಒಂದು ಮಾಡೋಕೆ ಆಗಬೇಕು ಅಂತ ನೋಡಿಕೊಂಡೆ.

#11 ಸುಮ್ಮನೆನೋಡುವವ

ತುಂಬ ದಿನದಿಂದ ಓದ್ತಾ ಇದ್ದೆ, ಮೊದಲ ಸಲ ಬರೀತಿದ್ದೀನಿ. ಇದನ್ನೆಲ್ಲ ಕೊಳ್ಳೋ ಬದಲು ಪ್ರಿಂಟ್ ತೆಗೆದು ಸ್ಲೀವ್‌ಗೆ ಹಾಕಿ ಕೊಟ್ಟರೆ ಆಗಲ್ವಾ? ಇನ್ನೊಂದು ಪ್ರಶ್ನೆ, ಬೂಸ್ಟರ್ ಪ್ಯಾಕ್ (ಒಳಗೆ ಯಾವ ಕಾರ್ಡ್ ಇದೆ ಅಂತ ಗೊತ್ತಿಲ್ಲದ ಪೊಟ್ಟಣ) ಒಡೆದು ಕಟ್ಟೋದಾ, ಬಿಡಿಬಿಡಿಯಾಗಿ ಕೊಳ್ಳೋದಾ?

#12 ಐದುಬಣ್ಣ

ಎರಡನೇದಕ್ಕೆ ಮೊದಲು ಉತ್ತರ: ಬಿಡಿಬಿಡಿಯಾಗಿ. ಬೂಸ್ಟರ್ ಒಡೆಯೋದು ಒಡೆಯೋ ಖುಷಿಗೆ. ಒಂದೇ ಕಾಮನ್ ನಾಲ್ಕು ಪ್ರತಿ ಬೇಕು ಅಂದರೆ ಎಷ್ಟು ಪ್ಯಾಕ್ ಒಡೆದರೂ ಕೂಡಿ ಬರಲ್ಲ, ಕೈ ಸುಡುತ್ತೆ. ಇನ್ನೂ ಒಳ್ಳೆಯದು, ಹಳೇ ಆಟಗಾರರನ್ನ ಕೇಳೋದು. ನಮ್ಮಂಥವರ ಮನೆಯಲ್ಲಿ ಡಬ್ಬ ತುಂಬ ಕಾಮನ್ ಕೂತಿರುತ್ತೆ. ಯಾರಿಗಾದರೂ ಉಪಯೋಗಕ್ಕೆ ಬಂದರೆ ಸಾಕು ಅಂತ ಸುಮ್ಮನೆ ಕೊಟ್ಟುಬಿಡ್ತಾರೆ. ಬೇಸಿಕ್ ಲ್ಯಾಂಡ್ ಅಂತೂ ಕೇಳಿದಷ್ಟು.

ಪ್ರಿಂಟ್ ವಿಷಯ: ಮನೆಯಲ್ಲಿ, ಎದುರು ಕೂತವರು ಒಪ್ಪಿದರೆ, ಯಾರ ಅಭ್ಯಂತರವೂ ಇಲ್ಲ. ಅಧಿಕೃತ ಟೂರ್ನಮೆಂಟ್‌ನಲ್ಲಿ ನಡೆಯಲ್ಲ, ಅಲ್ಲಿ ಅಸಲಿ ಕಾರ್ಡೇ ಬೇಕು. ಎರವಲು ಪಡೆದವರು ಉತ್ಸಾಹದಲ್ಲಿ ಅದೇ ಡೆಕ್ ಎತ್ತಿಕೊಂಡು ಒಂದು ಸಣ್ಣ ಟೂರ್ನಮೆಂಟ್‌ಗೆ ಹೋದರೆ? ಬಾಗಿಲಲ್ಲೇ ಮುಖಭಂಗ ಆಗಬಾರದು. ಇಲ್ಲಿರೋದು ಹೆಚ್ಚಿನಂಶ ಅಗ್ಗದ ಕಾಮನ್, ಅಸಲಿಯೇ ಹಾಕಬಹುದು. ಅಸಲಿ ಅಂತ ನಂಬಿಸಿ ಮಾರುವ ನಕಲಿ ಕಾರ್ಡ್ ಬೇರೆ ವಿಷಯ. ಅದನ್ನ ಮುಟ್ಟಲೇಬೇಡಿ.

#13 ಮೂರನೇಸರದಿ

ಕೊಳ್ಳುವಾಗ ಯಾವ ಮುದ್ರಣ ಅನ್ನೋದನ್ನೂ ನೋಡಿ. ಒಂದೇ ಲಾನೋವರ್ ಎಲ್ವ್ಸ್‌ಗೆ ಹತ್ತಾರು ಚಿತ್ರ ಇವೆ. ನಾವು ಸಂಗ್ರಹದ ಚಪಲಕ್ಕೆ ನಾಲ್ಕೂ ಬೇರೆ ಬೇರೆ ಹಾಕ್ತೀವಿ. ಹೊಸಬರಿಗೆ ಅದು ನಾಲ್ಕು ಬೇರೆ ಕಾರ್ಡ್ ಥರ ಕಾಣುತ್ತೆ. ನಾಲ್ಕೂ ಒಂದೇ ಚಿತ್ರದ್ದು ಇರಲಿ, ಆದಷ್ಟು ಇತ್ತೀಚಿನ ಮುದ್ರಣ ಇರಲಿ. ತೀರ ಹಳೇ ಕಾರ್ಡಿನ ಮೇಲೆ ಕ್ರೀಚರ್ ಅನ್ನೋ ಪದವೇ ಇರಲ್ಲ, ಸಮ್ಮನ್ ಅಂತ ಇರುತ್ತೆ. ಸಾಲುಗಳ ಮಾತೂ ಈಗಿನ ನಿಯಮಕ್ಕೆ ಹೊಂದಲ್ಲ. ನಮಗೆ ಹಳೇ ಚೌಕಟ್ಟು ಚೆಂದ. ಹೊಸಬರು ಕಾರ್ಡಿನಲ್ಲಿ ಏನಿದೆಯೋ ಅದನ್ನೇ ನಂಬಿ ಆಡ್ತಾರೆ, ಅವರ ನಂಬಿಕೆ ಕೆಡಿಸಬಾರದು.

ಸ್ಲೀವ್ ಎರಡು ಡೆಕ್‌ಗೂ ಬೇರೆ ಬೇರೆ ಬಣ್ಣ. ಹಿಂಬದಿ ಪಾರದರ್ಶಕ ಬೇಡ. ಆಟ ಮುಗಿದಾಗ ಎರಡೂ ಕಲೆತು ಹೋಗಿದ್ದರೂ ಬಣ್ಣ ನೋಡಿ ಬೇರೆ ಮಾಡಬಹುದು. ಹತ್ತು ಸ್ಲೀವ್ ಹೆಚ್ಚಿಗೆ ಇಡಿ. ಒಂದು ಹರಿದರೆ ಎಲ್ಲರಿಗೂ ಅದು ಯಾವ ಕಾರ್ಡ್ ಅಂತ ಗೊತ್ತಾಗಿಬಿಡುತ್ತೆ, ತಕ್ಷಣ ಬದಲಿಸೋಕೆ ಆಗಬೇಕು.

#14 ಮರಿಪೋಕೆ

ನಾನು ಪೋಕೆಮಾನ್ ಕಾರ್ಡ್ ಆಟದ ಕಡೆಯವಳು, ಮಧ್ಯೆ ಬಾಯಿ ಹಾಕಬಹುದಾ? ಮಕ್ಕಳಿಗೆ ಕೊಡೋಕೆ ಎರಡು ಜೋಡಿ ಕಟ್ಟಿಟ್ಟಿದ್ದೀನಿ.

ನಮ್ಮಲ್ಲೂ 60 ಕಾರ್ಡ್, ಬೇಸಿಕ್ ಎನರ್ಜಿ (ನಿಮ್ಮ ಲ್ಯಾಂಡ್ ಥರದ್ದು) ಬಿಟ್ಟು ಒಂದೇ ಹೆಸರಿನದ್ದು ನಾಲ್ಕು. ಆದರೆ ಎಡವೋ ಜಾಗ ಬೇರೆ. ಶುರುವಿನ 7 ಕಾರ್ಡಿನಲ್ಲಿ ಬೇಸಿಕ್ ಪೋಕೆಮಾನ್ (ಬೆಳವಣಿಗೆಯ ಮೊದಲ ಹಂತದ್ದು) ಒಂದೂ ಇಲ್ಲದಿದ್ದರೆ ಕೈ ತೋರಿಸಿ, ಮತ್ತೆ ಶಫಲ್ ಮಾಡಿ ತೆಗೀಬೇಕು. ಹಾಗಾದಾಗಲೆಲ್ಲ ಎದುರಾಳಿ ಒಂದು ಕಾರ್ಡ್ ಹೆಚ್ಚಿಗೆ ತಗೋಬಹುದು. ಮಗು ಮೂರು ಸಲ ಹಾಗೆ ಮಾಡಿದರೆ ಅಳೋಕೆ ಶುರು ಮಾಡುತ್ತೆ. ನಾನು ಹದಿನಾಲ್ಕು ಹದಿನೈದು ಬೇಸಿಕ್ ಪೋಕೆಮಾನ್ ಹಾಕ್ತೀನಿ. ಸ್ಟೇಜ್ 2ರವರೆಗೆ ಬೆಳೆಯೋ ಸಾಲು ಹಾಕಲ್ಲ. ಮೂರು ಕಾರ್ಡ್ ಕ್ರಮವಾಗಿ ಕೈಗೆ ಬರಬೇಕು, ಇಟ್ಟ ಸರದಿಯಲ್ಲೇ ಬೆಳೆಸೋಕೂ ಆಗಲ್ಲ. ಒಂದು ಮೆಟ್ಟಿಲಿನ ಬೆಳವಣಿಗೆ ಸಾಕು, ಆ ಖುಷಿ ಅದರಲ್ಲೇ ಸಿಗುತ್ತೆ.

ಇನ್ನೊಂದು, ಸೋತಾಗ ಎದುರಾಳಿಗೆ ಎರಡು ಪ್ರೈಜ್ ಕಾರ್ಡ್ ಕೊಡಿಸುವ ಇಎಕ್ಸ್ ಪೋಕೆಮಾನ್ ಬೇಡ. ಗೆಲ್ಲೋಕೆ ತಗೋಬೇಕಾದ ಪ್ರೈಜ್ ಇರೋದೇ ಆರು, ಮೂರು ಹೊಡೆತಕ್ಕೆ ಆಟ ಮುಗಿಯುತ್ತೆ. ಒಂದೊಂದೇ ಪ್ರೈಜ್‌ನ ಸಾದಾ ಪೋಕೆಮಾನ್‌ಗಳಿದ್ದರೆ ಹಿಂದೆ ಬಿದ್ದ ಮಗುವೂ ಮೇಲೆದ್ದು ಬರೋಕೆ ಸಮಯ ಇರುತ್ತೆ. ಕಾರ್ಡಿನ ಮೂಲೆಯಲ್ಲಿರೋ ರೆಗ್ಯುಲೇಶನ್ ಅಕ್ಷರ ಟೂರ್ನಮೆಂಟ್‌ನವರಿಗೆ ಮುಖ್ಯ. ಮನೆ ಆಟಕ್ಕೆ ಹಳೇ ಅಕ್ಷರದ್ದು ನಿಶ್ಚಿಂತೆಯಿಂದ ಹಾಕಿ.

#15 ಐದುಬಣ್ಣ

ಬಾಯಿ ಹಾಕಿದ್ದು ಒಳ್ಳೆಯದಾಯ್ತು. ಯೂಗಿಯೊ ಅನ್ನೋ ಇನ್ನೊಂದು ಕಾರ್ಡ್ ಆಟ ಆಡುವವರಿಗೂ ಒಂದು ಮಾತು ಸೇರಿಸ್ತೀನಿ: ಅಲ್ಲಿ ಒಂದೇ ಕಾರ್ಡ್ ಮೂರರವರೆಗೆ, ಮುಖ್ಯ ಡೆಕ್ 40ರಿಂದ 60. ಒಂದೇ ಸ್ಟ್ರಕ್ಚರ್ ಡೆಕ್ (ರೆಡಿಮೇಡ್ ಡೆಕ್) ಮೂರು ಪೆಟ್ಟಿಗೆ ಕೊಂಡು ಕಲೆಸಿದರೆ ಬೇಕಾದದ್ದು ಬಹುಮಟ್ಟಿಗೆ ಸಿಗುತ್ತೆ. ಸ್ಲೀವ್ ಕೊಳ್ಳುವಾಗ ಎಚ್ಚರ. ಮ್ಯಾಜಿಕ್, ಪೋಕೆಮಾನ್ ಕಾರ್ಡ್ 63×88 ಮಿಲಿಮೀಟರ್, ಯೂಗಿಯೊ 59×86. ದೊಡ್ಡ ಸ್ಲೀವ್‌ನಲ್ಲಿ ಸಣ್ಣ ಕಾರ್ಡ್ ಲೊಡಲೊಡ ಅನ್ನುತ್ತೆ.

#16 ಪೆಟ್ಟಿಗೆತುಂಬ

ನಿಮ್ಮ ಮಾತು ಕೇಳಿ ನಾನೂ ಕೈ ಹಾಕಿದೆ, ಆದರೆ ನನ್ನ ದಾರಿಯಲ್ಲೇ. 2020ರಲ್ಲಿ ಜಂಪ್‌ಸ್ಟಾರ್ಟ್ ಅಂತ ಬಂತಲ್ಲ, 20 ಕಾರ್ಡಿನ ಎರಡು ಪ್ಯಾಕ್ ಕಲೆಸಿದರೆ 40 ಕಾರ್ಡಿನ ಡೆಕ್. ಲ್ಯಾಂಡೂ ಅದರೊಳಗೇ. ನನ್ನ ಡಬ್ಬದ ಕಾಮನ್‌ಗಳಿಂದ ಅಂಥ ಎಂಟು ಅರ್ಧ ಡೆಕ್ ಕಟ್ಟಿದೆ. ಎಂಟರಲ್ಲಿ ಯಾವ ಎರಡನ್ನಾದರೂ ಸೇರಿಸಬಹುದು, 28 ಬಗೆಯ ಡೆಕ್ ಆಗುತ್ತೆ. ಒಂದೊಂದರ ಹೊದಿಕೆ ಮೇಲೆ "ತುಂಟ ಭೂತಗಳು", "ಹಾವು ಮತ್ತು ವಿಷ" ಹೀಗೆ ಬರೆದಿದ್ದೀನಿ. ಇಷ್ಟವಾದ ಎರಡು ಆರಿಸಿಕೋ ಅಂದಾಗ ಹೊಸಬರ ಮುಖ ನೋಡಬೇಕು. ಆರಿಸಿದ ಕ್ಷಣದಿಂದ ಅದು ಅವರ ಡೆಕ್.

ಹಾಳೆಹುಳು ಅವರ ಜೋಡಿಯಲ್ಲಿ ಒಂದು ಕೊರತೆ ನನಗೆ ಕಾಣೋದು ಇದೇ. ಹತ್ತು ಆಟಕ್ಕೆ ಚೆನ್ನ. ಹದಿನೈದನೇದಕ್ಕೆ ಬೇಜಾರಾಗಲ್ವಾ?

#17 ಹಾಳೆಹುಳು

ಆಗುತ್ತೆ. ಆಗಲಿ ಅಂತಲೇ ಇದೆ ನನ್ನ ಮನಸ್ಸು. "ಇದರಲ್ಲಿ ಇನ್ನೇನಾದರೂ ಇದ್ದಿದ್ದರೆ" ಅಂತ ಅನ್ನಿಸಿದ ದಿನ ಅವರು ಸ್ವಂತ ಡೆಕ್ ಕಟ್ಟೋಕೆ ತಯಾರಾದ್ರು ಅಂತ ಅರ್ಥ.

ಆದರೆ ಅದಕ್ಕೂ ಮೊದಲೇ ಬೇಜಾರಾಗಬಾರದಲ್ಲ, ಅದಕ್ಕೆ ಪೆಟ್ಟಿಗೆಯ ಹಿಂಬದಿಯಲ್ಲಿ ಪ್ರತಿ ಡೆಕ್‌ಗೂ ಆರು ಕಾರ್ಡಿನ ಸಣ್ಣ ಕಟ್ಟು ಇಟ್ಟೆ. ಸುತ್ತ ಕಾಗದ, ಮೇಲೆ "ಐದು ಆಟ ಆದ ಮೇಲೆ ಬಿಚ್ಚಿ" ಅಂತ ಬರಹ. ಯಾವುದನ್ನ ತೆಗೆದು ಇವನ್ನ ಹಾಕಬೇಕು ಅಂತ ನಾನು ಬರೆದಿಲ್ಲ. ಆ ನಿರ್ಧಾರ ಅವರದ್ದು.

ಪೆಟ್ಟಿಗೆಯಲ್ಲಿ ಬೇರೆ ಏನೇನು ಅಂದರೆ, ಎರಡು ದೊಡ್ಡ ದಾಳ, ಅಟೆಂಡೆಡ್ ನೈಟ್ ಜೊತೆ ಬರೋ ಸೈನಿಕರಿಗೆ ಟೋಕನ್ (ಕ್ರೀಚರ್ ಬದಲು ಇಡೋ ಗುರುತು), ಸರದಿಯ ಕ್ರಮ ಬರೆದ ಎರಡು ಚೀಟಿ. ಚೀಟಿಯನ್ನ ಮೂರು ಸಲ ತಿದ್ದಿದೆ. ಮೊದಲು ಅಧಿಕೃತ ಹೆಸರುಗಳೆಲ್ಲ ಹಾಕಿದ್ದೆ, ಅನ್‌ಟ್ಯಾಪ್, ಅಪ್‌ಕೀಪ್, ಡ್ರಾ ಅಂತ. ಯಾರೂ ಓದಲಿಲ್ಲ. ಈಗ ಹೀಗಿದೆ: "ಅಡ್ಡ ತಿರುಗಿಸಿದ್ದನ್ನೆಲ್ಲ ನೇರ ಮಾಡಿ. ಒಂದು ಕಾರ್ಡ್ ತೆಗೀರಿ (ಮೊದಲು ಆಡುವವರು ಮೊದಲ ಸರದಿಯಲ್ಲಿ ತೆಗೆಯೋ ಹಾಗಿಲ್ಲ). ಒಂದು ಲ್ಯಾಂಡ್ ಇಡಿ, ಒಂದೇ. ಬೇಕಾದರೆ ದಾಳಿ ಮಾಡಿ, ಈಗಷ್ಟೇ ಬಂದ ಕ್ರೀಚರ್ ದಾಳಿ ಮಾಡಲ್ಲ. ದಾಳಿಗೆ ಮುಂಚೆಯೂ ಆಮೇಲೂ ಕಾರ್ಡ್ ಇಡಬಹುದು." ಇಷ್ಟೇ.

ಕಾರ್ಡ್‌ಗಳ ಪಟ್ಟಿಯೂ ಒಂದು ಇದೆ. ಅದರ ಕೆಳಗೆ ಬರೆದ ಸಾಲಿಗೆ ಅತಿ ಹೆಚ್ಚು ಹೊತ್ತು ಯೋಚಿಸಿದೆ: "ಯಾವುದಾದರೂ ಕಳೆದರೆ ಇಲ್ಲಿ ಗುರುತು ಹಾಕಿ, ನನ್ನ ಹತ್ತಿರ ಇನ್ನೂ ಇವೆ." ನಿಜವಾಗಿಯೂ ಇವೆ. ಪ್ರತಿ ಕಾಮನ್‌ಗೂ ಎರಡೆರಡು ಹೆಚ್ಚಿಗೆ ತೆಗೆದಿಟ್ಟಿದ್ದೀನಿ. ವಾಪಸ್ ಬಂದಾಗ ಅವರ ಎದುರಿಗೆ ಎಣಿಸಲ್ಲ.

#18 ಸುಮ್ಮನೆನೋಡುವವ

ಎದುರಿಗೆ ಎಣಿಸಲ್ಲ ಅನ್ನೋದು ಓದಿ ಒಂದು ಕ್ಷಣ ಸುಮ್ಮನೆ ಕೂತೆ. ನಾನೂ ಒಮ್ಮೆ ಎರವಲು ತಂದ ಡೆಕ್ ಹಿಂದಿರುಗಿಸುವಾಗ ಎಣಿಸಿಕೊಟ್ಟವನೇ.

#19 ಹೊಸಕೈ

ನಮಸ್ಕಾರ. ಹಾಳೆಹುಳು ಅಕ್ಕನ ಜೋಡಿ ಡೆಕ್ ಮೊದಲು ತಗೊಂಡು ಹೋದವಳು ನಾನೇ. ಅಕ್ಕ ಬರೀ ಅಂದ್ರು, ಅದಕ್ಕೆ ಬರೀತಿದ್ದೀನಿ. ತಪ್ಪಿದ್ದರೆ ತಿದ್ದಿ.

ನಾನು, ನಮ್ಮಪ್ಪ ಆಡಿದ್ವಿ. ಮೊದಲ ದಿನ ಅಪ್ಪ ಪ್ರತಿ ಕಾರ್ಡನ್ನೂ ಜೋರಾಗಿ ಓದ್ತಿದ್ರು. ಎರಡನೇ ದಿನದಿಂದ ಓದೋದು ನಿಲ್ಲಿಸಿದ್ರು. ಬಿಳಿ ಡೆಕ್ ಅವರಿಗೆ ತುಂಬ ಹಿಡಿಸ್ತು, ಪ್ಯಾಸಿಫಿಸಮ್ ಹಾಕಿ ನನ್ನ ಡ್ರೆಡ್‌ಮಾ ಕಟ್ಟಿ ಹಾಕ್ತಿದ್ರು. ಒಂದು ಆಟದಲ್ಲಿ ಅವರ ಹತ್ರ ಪ್ಯಾಸಿಫಿಸಮ್ ಇರಲಿಲ್ಲ, 1/1 ಸೈನಿಕನನ್ನ ಡ್ರೆಡ್‌ಮಾ ಮುಂದೆ ನಿಲ್ಲಿಸಿ "ತಡೆದೆ" ಅಂದ್ರು. ಟ್ರ್ಯಾಂಪಲ್ ಇದೆ ಅಪ್ಪ, 6ರಲ್ಲಿ 1 ಸೈನಿಕನಿಗೆ, ಉಳಿದ 5 ನಿಮಗೆ ಅಂದೆ. ಕಾರ್ಡ್ ಇಸ್ಕೊಂಡು ಎರಡು ಸಲ ಓದಿದ್ರು. ಆಮೇಲೆ ಒಪ್ಪಿ 5 ಕಳೆದ್ರು. ನನಗೆ ಗೊತ್ತಿದ್ದ ನಿಯಮ ಅಪ್ಪನಿಗೆ ಹೇಳಿಕೊಟ್ಟದ್ದು ಅದೇ ಮೊದಲು.

ಒಂದು ಎಲ್ವಿಶ್ ವಿಷನರಿ ಕಾಣ್ತಿಲ್ಲ. ಸೋಫಾ ಕೆಳಗೆಲ್ಲ ಹುಡುಕಿದೆ. ಚೀಟಿಯಲ್ಲಿ ಗುರುತು ಹಾಕಿದ್ದೀನಿ.

ಒಂದು ಪ್ರಶ್ನೆ ಇದೆ ಅಕ್ಕ. ಪ್ರೇ ಅಪಾನ್ (ನನ್ನ ಕ್ರೀಚರನ್ನ ಎದುರಿನ ಕ್ರೀಚರ್ ಜೊತೆ ಕಾದಾಡಿಸೋ ಕಾರ್ಡ್) ನಾಲ್ಕು ಜಾಸ್ತಿ ಅನ್ನಿಸ್ತಿದೆ. ಕೈಲಿ ಎರಡು ಬಂದು ನನ್ನ ಕಡೆ ದೊಡ್ಡ ಕ್ರೀಚರ್ ಇಲ್ಲದಿದ್ದರೆ ಸುಮ್ಮನೆ ಇಟ್ಕೊಂಡು ಕೂರಬೇಕಾಗುತ್ತೆ. ಕಟ್ಟು ಬಿಚ್ಚಿದೆ, ಅದರಲ್ಲಿ ರ‍್ಯಾಂಪಂಟ್ ಗ್ರೋತ್ (ಒಂದು ಲ್ಯಾಂಡ್ ಹೆಚ್ಚಿಗೆ ತರೋ ಕಾರ್ಡ್) ಎರಡು ಇದೆ. ಎರಡು ಪ್ರೇ ಅಪಾನ್ ತೆಗೆದು ಅವನ್ನ ಹಾಕಲಾ? ಡ್ರೆಡ್‌ಮಾ ಬೇಗ ಬರುತ್ತೆ ಅಂತ ನನ್ನ ಲೆಕ್ಕ. ಇನ್ನೊಂದು ವಾರ ಇಟ್ಕೊಳ್ಳಬಹುದಾ?

#20 ಹಾಳೆಹುಳು

ಹಾಕು. ತೆಗೆದ ಎರಡನ್ನ ಪೆಟ್ಟಿಗೆಯ ಹಿಂಬದಿಯಲ್ಲಿಡು, ಪಟ್ಟಿಯಲ್ಲಿ ನಿನ್ನ ಕೈಬರಹದಲ್ಲೇ ತಿದ್ದು. ವಿಷನರಿ ನಾಳೆ ತಂದುಕೊಡ್ತೀನಿ. ಎಷ್ಟು ವಾರ ಬೇಕೋ ಇಟ್ಕೋ, ಇನ್ನೊಂದು ಜೋಡಿ ಆಗಲೇ ಅರ್ಧ ಕಟ್ಟಿ ಆಗಿದೆ. ಈ ಸಲ ನೀಲಿ, ಕಪ್ಪು. ಮುಗಿದ ಮೇಲೆ ಪಟ್ಟಿ ಇಲ್ಲೇ ಹಾಕ್ತೀನಿ, ನೀನೂ ನೋಡಿ ಏನು ಜಾಸ್ತಿ ಅಂತ ಹೇಳು.